ಬೀದಿಗೆ ಕೊಟ್ಟ ಕೊಪ್ಪರಿಗೆ

ಚರ್ಚಿನಲ್ಲಿ ಅಟೆಂಡರ್ ಆಗಿ ಸೇರುವವರಿಗೆ ಯಾರೂ ಕೂರಿಸಿಕೊಂಡು ಕೆಲಸ ಹೇಳಿಕೊಡುವುದಿಲ್ಲ. ಗಂಟೆ ಹೊಡಿ, ಕಸ ಗುಡಿಸು, ಬೆಂಚು ಒರೆಸು, ಗೇಟು ಹಾಕು ಎನ್ನುತ್ತಾರೆ. ಅಷ್ಟೇ ಕೆಲಸ ಎಂದು ನಂಬಿ ಬಂದವನು ಆರು ತಿಂಗಳಲ್ಲಿ ಬೇಸತ್ತು ಪೆಟ್ರೋಲ್ ಬಂಕಿಗೋ ಗಾರ್ಮೆಂಟ್ಸಿಗೋ ಹೊರಟುಹೋಗುತ್ತಾನೆ. ನಾನು ಬೀರೂರಿನ ನಮ್ಮ ಚರ್ಚಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದೆ. ಮಂಡಿ ನೋವು ತಡೆಯಲಾಗದೆ ಹೋದ ವರ್ಷ ಬಿಟ್ಟೆ. ಇನ್ನು ಮುಂದೆ ಇಂಥ ಕೆಲಸಕ್ಕೆ ಬರುವವರು, ಅದು ಚರ್ಚಾಗಲಿ, ಮಠವಾಗಲಿ, ಮಸೀದಿಯಾಗಲಿ, ಓದಿಕೊಳ್ಳಲಿ ಎಂದು ಇದನ್ನು ಬರೆದಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದ ವಿಷಯದಲ್ಲಿ ಮಾತ್ರ ನನ್ನನ್ನು ತಿದ್ದಲು ಬರಬೇಡಿ.

ನಾನು ಯಗಟಿಯ ಕಾಲೋನಿಯವನು, ಹೆಸರು ತಿಮ್ಮಯ್ಯ. ಕ್ರೈಸ್ತನಲ್ಲ. ನಮ್ಮ ಮನೆಯ ಗೋಡೆಯಲ್ಲಿ ಅಪ್ಪ ತಂದ ಬುದ್ಧನ ಪಟವಿದೆ, ಅದರ ಪಕ್ಕದಲ್ಲೇ ಅವ್ವ ಹಟ ಹಿಡಿದು ತೂಗುಹಾಕಿದ ಆಂಜನೇಯನೂ ಇದ್ದಾನೆ. ಬೀರೂರು ಸ್ಟೇಷನ್ನಿನಲ್ಲಿ ಮೂಟೆ ಹೊರುತ್ತಿದ್ದವನು, ಚರ್ಚಿನ ಕಾಂಪೌಂಡಿಗೆ ಸುಣ್ಣ ಹೊಡೆಯಲು ಹೋದೆ, ಅಲ್ಲೇ ಉಳಿದುಬಿಟ್ಟೆ. ಸ್ಟೇಷನ್ನಿನ ಹಳೇ ಗೆಳೆಯರು ಕಂಡಾಗಲೆಲ್ಲ ರೇಗಿಸುತ್ತಿದ್ದರು.

"ಏನ್ಲಾ ತಿಮ್ಮಯ್ಯ, ಯಾವಾಗ ತಾಮಸ್ ಆಗ್ತೀಯ?"

"ನಾನು ಹೆಸ್ರು ಬದ್ಲಾಯ್ಸಿದ್ರೆ ಗಂಟೆ ಶಬ್ದ ಬದ್ಲಾಗ್ತದೇನ್ಲಾ? ನಡಿ ನಡಿ, ಗಾಡಿ ಬಂತು" ಎನ್ನುತ್ತಿದ್ದೆ.

ಯಾವ ಫಾದರೂ ನನ್ನನ್ನು ಆ ಮಾತು ಕೇಳಲಿಲ್ಲ. ಕೆಲಸ ಕೇಳಿದರು, ಮಾಡಿದೆ.

ನಾನು ಸೇರಿದಾಗ ಇದ್ದ ಫಾದರ್ ಬಹಳ ಶಿಸ್ತಿನವರು. ಪೂಜೆಯ ಹೊತ್ತು ಬಿಟ್ಟರೆ ಗೇಟಿಗೆ ಬೀಗ. ಒಳಗೆ ಎರಡು ನೇರಳೆ ಮರ, ಸಿಹಿನೀರಿನ ಬಾವಿ, ತಂಪಾದ ಸಿಮೆಂಟ್ ಕಟ್ಟೆ. ಹೊರಗೆ ಸುಡುವ ಬೀದಿ. ಎದುರುಗಡೆ ಶಂಕರಪ್ಪನವರ ಕೊಬ್ಬರಿ ಮಂಡಿ, ಅದಕ್ಕೆ ಹೊಂದಿಕೊಂಡಂತೆ ಅವರ ಮನೆ. ಲಿಂಗಾಯತರು, ಮೂರು ತಲೆಮಾರಿನಿಂದ ಅಲ್ಲೇ ವ್ಯಾಪಾರ. ಅವರ ತಾಯಿ ಗೌರಮ್ಮ ದಿನಾ ಸಂಜೆ ಕೋಲು ಊರಿಕೊಂಡು ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರು ಗೇಟಿನ ಕಂಬಿ ಹಿಡಿದು ನಿಂತು, "ಸ್ವಲ್ಪ ನೆಳ್ಳಲ್ಲಿ ಕೂರ್ತೀನಿ, ಬಾಗ್ಲು ತೆಗಿಯೋ" ಎಂದರು. ನಾನು ಅಪ್ಪಣೆ ಇಲ್ಲ ಎಂದೆ. ಹೊಸದಾಗಿ ಕೆಲಸಕ್ಕೆ ಸೇರಿದವನ ನಿಯತ್ತು ಅದು.

ಗೌರಮ್ಮ ಬೀಗವನ್ನೇ ನೋಡುತ್ತಾ ಕೇಳಿದರು. "ಲೇ ತಿಮ್ಮ, ನಿಮ್ಮ ದೇವ್ರಿಗೆ ಬೀಗ ಹಾಕಿದ್ದೀಯಲ್ಲೋ, ಬಿಟ್ರೆ ಓಡೋಗ್ತಾನಾ?"

ನನಗೆ ನಗು ಬಂತು, ಬೀಗ ತೆಗೆಯಲಿಲ್ಲ. ಅವತ್ತು ಬೀಗ ತೆಗೆಯದೆ ಇದ್ದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ಬಂದವರು ಫಾದರ್ ಇನ್ನಾಸಪ್ಪ. ತರೀಕೆರೆಯಿಂದ ಬಸ್ಸಿನಲ್ಲಿ ಒಂದೇ ಒಂದು ಬ್ಯಾಗು ಹಿಡಿದು ಬಂದಿಳಿದರು. ಸಾಮಾನ್ಯವಾಗಿ ಹೊಸ ಫಾದರ್ ಬಂದರೆ ಬೀಗದಕೈ ಗೊಂಚಲು ಕೇಳುತ್ತಾರೆ, ಸಭೆಯ, ಅಂದರೆ ಚರ್ಚಿಗೆ ಸೇರಿದ ಮನೆಗಳ, ಪಟ್ಟಿ ಕೇಳುತ್ತಾರೆ. ಇವರು ಟೀ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದರು.

"ತಿಮ್ಮಯ್ಯ, ಈ ಬೀದೀಲಿ ಯಾರ್ಯಾರಿದ್ದಾರೆ?"

"ನಮ್ಮೋರು ಈ ಬೀದೀಲಿ ಇಲ್ಲ ಫಾದರ್. ನಮ್ಮೋರೆಲ್ಲ ರೈಲ್ವೆ ಕ್ವಾರ್ಟರ್ಸ್ ಕಡೆ."

"ನಮ್ಮೋರನ್ನ ಭಾನ್ವಾರ ನೋಡ್ತೀನಿ. ಬೀದಿಯೋರನ್ನ ಕೇಳ್ದೆ."

ಮಾರನೇ ದಿನ ಅವರು ನನ್ನನ್ನು ಕರೆದುಕೊಂಡು ಮನೆಮನೆಗೆ ಹೊರಟರು. ನಿಮಗೆ ನಮ್ಮಿಂದ ಏನು ಸಹಾಯ ಬೇಕು ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ನಮ್ಮ ಚರ್ಚಿಂದ ನಿಮ್ಗೇನು ತೊಂದ್ರೆ ಆಗ್ತಿದೆ?" ಜನ ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಭಾನುವಾರ ಬೆಳಗಿನ ಜಾವಕ್ಕೇ ಮೈಕು. ಮಂಡಿಯ ಬಾಗಿಲಿಗೆ ಅಡ್ಡ ನಿಲ್ಲಿಸುವ ಸ್ಕೂಟರುಗಳು. ನಮ್ಮ ಕಾಂಪೌಂಡಿನ ನೇರಳೆ ಎಲೆ ಬಿದ್ದು ಕಟ್ಟಿಕೊಳ್ಳುವ ಚರಂಡಿ. ಮೂವತ್ತು ಮನೆಯ ಬೈಗುಳ ನಾವಿಬ್ಬರೂ ನಿಂತು ತಿಂದೆವು.

ಅವತ್ತೇ ಮೈಕಿನ ಮೂತಿ ಒಳಗಡೆ ತಿರುಗಿತು. ಸ್ಕೂಟರುಗಳು ಕಾಂಪೌಂಡಿನ ಒಳಗೆ ಬಂದವು. ಚರಂಡಿ ನನ್ನ ಪಾಲಿಗೆ ಬಂತು. ಮುನಿಸಿಪಾಲಿಟಿಯವರು ಮಾಡಬೇಕಾದ್ದು ನಾನೇಕೆ ಮಾಡಲಿ ಎಂದು ಗೊಣಗಿದೆ. ಫಾದರ್ ಪ್ಯಾಂಟು ಮಡಚಿ ತಾವೇ ಸಲಿಕೆ ಹಿಡಿದರು. ಅವರ ಕೈಯಿಂದ ಸಲಿಕೆ ಕಿತ್ತುಕೊಂಡೆ. ಚರಂಡಿ ತೆಗೆಯುವುದು ಅವರಿಗೆ ಬರುತ್ತಿರಲಿಲ್ಲ, ಕೆಸರೆಲ್ಲ ಮತ್ತೆ ಒಳಗೇ ಜಾರುತ್ತಿತ್ತು.

ಗೇಟಿನ ಬೀಗ ಹೋಯಿತು. ಬಾವಿ ನೀರಿಗೆ ಮೋಟರ್ ಹಾಕಿ ಬೀದಿಯ ಕಡೆಗೆ ಒಂದು ನಲ್ಲಿ ಬಂತು. ಗೌರಮ್ಮ ನೇರಳೆ ಕಟ್ಟೆಯ ಮೇಲೆ ಸಂಜೆ ಹೊತ್ತು ಕೂರತೊಡಗಿದರು. ವರ್ಷ ಕಳೆದ ಮೇಲೆ ಫಾದರ್ ಎರಡನೇ ಸುತ್ತು ಹೊರಟು, ಈಗ ಏನು ಬೇಕು ಎಂದು ಕೇಳಿದಾಗ ಉತ್ತರ ಹೇಳಿದವರೂ ಗೌರಮ್ಮನೇ.

"ದೊಡ್ ಪಾತ್ರೆ ಇಲ್ಲ ಕಣಪ್ಪಾ ಈ ಬೀದೀಲಿ. ಒಂದು ನಾಮಕರಣ ಮಾಡ್ಬೇಕಂದ್ರೂ ಕಡೂರಿಗೋಗಿ ಹೊತ್ಕೊಂಡ್ ಬರ್ಬೇಕು. ನಿಮ್ಮತ್ರ ಇದಾವಲ್ಲ, ವರ್ಷಕ್ಕೊಂದ್ಸಲ ಹಬ್ಬ ಮಾಡಿ ಬೋರಲಾಕ್ತೀರಿ."

ನಿಜವೇ. ಚರ್ಚು ಕೊಂಡ, ಸಭೆಯ ಹಿರಿಯರು ಕೊಟ್ಟ ಹಿತ್ತಾಳೆ ಕೊಪ್ಪರಿಗೆ, ದಬರಿ, ಸೌಟು, ಬಕೆಟ್ಟುಗಳು ಚರ್ಚಿನ ಹಾಲ್ ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದವು. ಅಂದಿನಿಂದ ಅವು ಬೀದಿಯ ಪಾತ್ರೆಗಳಾದವು. ಬಾಡಿಗೆ ಇಲ್ಲ. ಫಾದರ್ ಒಂದೇ ಒಂದು ನಿಯಮ ಮಾಡಿದರು: ಒಂದೇ ದಿನ ಸಭೆಯವರೂ ಬೀದಿಯವರೂ ಕೇಳಿದರೆ, ಬೀದಿಯವರಿಗೆ ಮೊದಲು.

ಈ ನಿಯಮಕ್ಕೆ ಮೊದಲು ಸಿಕ್ಕಿಹಾಕಿಕೊಂಡವರು ಗಾರ್ಡ್ ಚೌರಪ್ಪ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಸಭೆಯ ದೊಡ್ಡ ತಲೆ. ಅವರ ಮೊಮ್ಮಗಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನವೇ ಬೀದಿಯ ಟೈಲರ್ ಮಗಳ ಸೀಮಂತ ಬಿತ್ತು. ಅವರದು ಬಾಡೂಟದ ಮನೆ, ಪಾತ್ರೆಗಳೆಲ್ಲ ಅಲ್ಲಿಗೆ ಹೋದವು.

"ಲೇ ತಿಮ್ಮಯ್ಯ, ಆ ಕೊಪ್ಪರಿಗೆ ನನ್ ಹೆಂಡ್ತಿ ನೆನಪಿಗೆ ಕೊಟ್ಟಿದ್ದು ಕಣೋ! ನನಗೇ ಇಲ್ಲ ಅಂತೀಯಾ?"

"ಫಾದರ್ ರೂಲ್ಸು, ಗಾರ್ಡ್ ಸಾರ್. ಹಸಿರು ಬಾವುಟ ತೋರ್ಸೋದು ಅವ್ರು, ನಾನಲ್ಲ."

ಒಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಬೀದಿಯವರು ಮಾತ್ರ ಅವತ್ತಿನಿಂದ ನಮ್ಮ ಗೇಟಿನ ಒಳಗೆ ಹಿಂದೆ ಮುಂದೆ ನೋಡದೆ ಬರತೊಡಗಿದರು.

ಇಲ್ಲೊಂದು ಸೂಕ್ಷ್ಮವಿತ್ತು. ನಮ್ಮ ಹಬ್ಬದಲ್ಲಿ ಬಾಡೂಟ. ಬೀದಿಯಲ್ಲಿ ಅರ್ಧಕ್ಕರ್ಧ ಮನೆಯವರು ಬಾಡು ಮುಟ್ಟದವರು. ಗೌರಮ್ಮ ಮೊದಲ ದಿನವೇ ಬೆರಳು ಎತ್ತಿ ಹೇಳಿದ್ದರು. "ಬಾಡು ಬೇಯ್ಸಿದ್ದು ಬೇರೆ, ನಮಗೆ ಕೊಡೋದು ಬೇರೆ. ಅದು ನಿನ್ ಜವಾಬ್ದಾರಿ ಕಣೋ ತಿಮ್ಮ." ನಾನು ಬಣ್ಣದ ಡಬ್ಬ ತಂದೆ. ಬಾಡು ಬೇಯಿಸುವ ಪಾತ್ರೆಗಳ ಹಿಡಿಕೆಗೆ ಕೆಂಪು, ಉಳಿದವುಗಳಿಗೆ ಹಸಿರು. ಇಡುವ ಕಪಾಟೂ ಬೇರೆ ಬೇರೆ. ಫಾದರ್ ಒಂದು ಪುಸ್ತಕದಲ್ಲಿ ಬರೆದಿಡು ಎಂದರು.

"ಬರ್ಯೋದ್ಯಾಕೆ ಫಾದರ್? ಎಲ್ಲಾ ಇಲ್ಲಿದೆ" ಎಂದು ಹಣೆ ತಟ್ಟಿ ತೋರಿಸಿದೆ.

ಹೆಚ್ಚು ಓದಿಲ್ಲದವನಿಗೆ ಜ್ಞಾಪಕಶಕ್ತಿಯೇ ಆಸ್ತಿ. ಎಷ್ಟು ಸೌಟು, ಯಾವ ಬಕೆಟ್ಟಿಗೆ ತೂತು, ಯಾವ ದಬರಿ ಯಾರ ಮನೆಯಲ್ಲಿ, ಕಣ್ಣು ಮುಚ್ಚಿ ಹೇಳುತ್ತಿದ್ದೆ. ಎಷ್ಟೋ ವರ್ಷ ಒಂದು ಪಾತ್ರೆಯೂ ಅದಲುಬದಲಾಗಲಿಲ್ಲ. ಆ ಹೆಮ್ಮೆ ಒಂಚೂರು ಜಾಸ್ತಿಯೇ ಇತ್ತು ಎಂದು ಈಗ ಒಪ್ಪುತ್ತೇನೆ.

ಹಿತ್ತಾಳೆ ಪಾತ್ರೆಯ ಒಳಗಡೆಗೆ ಆಗಾಗ ತವರದ ಕಲಾಯಿ ಹಾಕಿಸಬೇಕು, ಇಲ್ಲದಿದ್ದರೆ ಹುಳಿ ಪದಾರ್ಥ ಕಿಲುಬು ಹಿಡಿಯುತ್ತದೆ. ಈಗಿನವರು ಸ್ಟೀಲು ಪಾತ್ರೆ ಬಳಸುತ್ತಾರೆ, ಕಲಾಯಿ ನೋಡಿಯೇ ಇರುವುದಿಲ್ಲ. ನಮಗೆ ಕಲಾಯಿ ಹಾಕುತ್ತಿದ್ದವರು ಅಜ್ಜಂಪುರದ ಬಾಷಾ ಸಾಬರು. ಪ್ಯಾಸೆಂಜರ್ ಗಾಡಿಯಲ್ಲಿ ತಿದಿ, ಇಕ್ಕಳ, ಕಲಾಯಿಗೆ ಬೇಕಾದ ನವಸಾಗರದ ಉಪ್ಪಿನ ಪೊಟ್ಟಣ ಹೊತ್ತು ಬರುತ್ತಿದ್ದರು. ನೇರಳೆ ಮರದ ಕೆಳಗೆ ಗುಂಡಿ ತೋಡಿ ಇದ್ದಲು ಹೊತ್ತಿಸಿ, ಪಾತ್ರೆ ಕೆಂಡದಂತೆ ಕಾದಾಗ ತವರ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಸುತ್ತಿನಲ್ಲಿ ಒರೆಸಿಬಿಡುವರು. ಬಿಳಿ ಹೊಗೆ ಏಳುತ್ತಿತ್ತು. ಅದು ಇಳಿದಾಗ ಪಾತ್ರೆಯ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬೀದಿಯ ಜನವೆಲ್ಲ ಕೆಲಸ ಬಿಟ್ಟು ನೋಡಲು ಬರುತ್ತಿದ್ದರು. ಆ ಹೊಗೆಯ ವಾಸನೆ ನೆನೆದರೆ ಈಗಲೂ ಮೂಗು ಚುರುಗುಟ್ಟುತ್ತದೆ, ಮನಸ್ಸಿಗೆ ಮಾತ್ರ ಹಿತವಾಗುತ್ತದೆ.

ಒಂದು ಸಲ ಬಹಳ ವರ್ಷಗಳ ಬಳಿಕ ಎಲ್ಲ ಪಾತ್ರೆಗೂ ಒಟ್ಟಿಗೆ ಕಲಾಯಿ ಹಾಕಿಸಿದೆವು. ಬೆಂಕಿಗೆ ಹಿಡಿಕೆಯ ಬಣ್ಣವೆಲ್ಲ ಸುಟ್ಟುಹೋಯಿತು. ಸಾಬರು ಕೈ ತೊಳೆಯುತ್ತಾ ಎಚ್ಚರಿಸಿದರು. "ತಿಮ್ಮಯ್ಯ, ಗುರ್ತು ಹೋಗ್ಬಿಟ್ಟೈತೆ ನೋಡು. ಈಗ್ಲೇ ಬೇರೆ ಮಾಡ್ಕೊ."

"ನೀವು ಟೀ ಕುಡೀರಿ ಸಾಬ್ರೆ. ನನ್ ಮಕ್ಳು ನನಗೆ ಗುರ್ತು ಸಿಗಲ್ವಾ?" ಎಂದೆ.

ಮಾರನೇ ಬೆಳಿಗ್ಗೆ ಕುಳಿತು ಮತ್ತೆ ಬಣ್ಣ ಬಳಿದೆ. ದಬರಿ, ಬಕೆಟ್ಟುಗಳಲ್ಲಿ ಅನುಮಾನವಿರಲಿಲ್ಲ. ಕೊಪ್ಪರಿಗೆ ಎರಡಿದ್ದವು, ಅವಳಿ ಜವಳಿ ಹಾಗೆ. ಒಂದು ಚರ್ಚು ಕೊಂಡದ್ದು, ಬಾಡು ಮುಟ್ಟದ ಮನೆಗಳಿಗೆ ಕೊಡುವುದು. ಇನ್ನೊಂದು ಚೌರಪ್ಪನವರು ತಮ್ಮ ಹೆಂಡತಿಯ ಹೆಸರು ಕೊರೆಸಿ ಕೊಟ್ಟದ್ದು, ಹಬ್ಬಕ್ಕೆ ಬಾಡು ಬೇಯಿಸುವುದು. ಅಕ್ಷರ ಅಂಚಿನ ಕೆಳಗೆ ಹೊರಮೈಯಲ್ಲಿತ್ತು. ಅಷ್ಟು ವರ್ಷದ ಸೌದೆ ಒಲೆಯ ಮಸಿ ದಪ್ಪಗೆ ಕೂತು ಅದು ಕಾಣುತ್ತಿರಲಿಲ್ಲ. ಎರಡನ್ನೂ ತಟ್ಟಿ ನೋಡಿದೆ, ಎತ್ತಿ ನೋಡಿದೆ. ಮಸಿ ಕೆರೆದು ನೋಡಬಹುದಿತ್ತು, ಐದು ನಿಮಿಷದ ಕೆಲಸ. ಕೆರೆಯಲಿಲ್ಲ. ಇದೇ ಅದು ಎಂದುಕೊಂಡು ಒಂದಕ್ಕೆ ಹಸಿರು ಬಳಿದೆ.

ಅದಾಗಿ ಮೂರು ವಾರಕ್ಕೆ ಗೌರಮ್ಮ ತೀರಿಕೊಂಡರು. ತುಂಬಿದ ವಯಸ್ಸು, ಕೈಕಾಲು ಗಟ್ಟಿಯಿದ್ದಾಗಲೇ ಹೋದರು. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಪಾತ್ರೆ ಕೇಳಲು ಶಂಕರಪ್ಪನವರು ಆಳನ್ನು ಕಳಿಸದೆ ತಾವೇ ಬಂದರು.

"ತಿಮ್ಮಯ್ಯ, ಎಲ್ಲಾ ಸಾಮಾನೂ ಬೇಕು. ಪಾಯಸ ಆ ದೊಡ್ ಕೊಪ್ಪರಿಗೇಲೇ ಆಗ್ಬೇಕು. ಅವ್ವನಿಗೆ ಅದ್ರಲ್ ಮಾಡಿದ್ರೇನೇ ರುಚಿ."

ಹಸಿರು ಗುರುತಿನದ್ದನ್ನು ತಳ್ಳುಗಾಡಿಯಲ್ಲಿ ಹಾಕಿ ಕಳಿಸಿದೆ. ಅವತ್ತು ಸುತ್ತಲ ಊರುಗಳಿಂದ ಜಂಗಮರು, ಬಂಧುಗಳು, ಮಂಡಿಯ ಗಿರಾಕಿಗಳು ಬಂದಿದ್ದರು. ಫಾದರ್ ಕೂಡ ಬಂದಿದ್ದರು. ನಾನು ಬಾಗಿಲಲ್ಲಿ ನಿಂತು ನೀರಿನ ಡ್ರಮ್ಮು ನೋಡಿಕೊಳ್ಳುತ್ತಿದ್ದಾಗ ಶಂಕರಪ್ಪನವರು ಬಂದು ತೋಳು ಹಿಡಿದರು.

"ಏನಪ್ಪಾ, ನಿಂತೇ ಇದ್ದೀಯಲ್ಲ. ಬಾ, ಕೂತ್ಕೊ. ಅವ್ವ ದಿನಾ ನಿನ್ ಕಟ್ಟೆ ಮೇಲೆ ಕೂತ್ಕೊಂತಿದ್ಲು. ಇವತ್ತು ನೀನು ನಮ್ಮನೇಲಿ ಕೂತ್ಕೊ."

ಪಂಕ್ತಿಯಲ್ಲಿ ಅವರ ಬಂಧುಗಳ ನಡುವೆ ಕೂತು ಉಂಡೆ. ನಮ್ಮಪ್ಪ ಇಂಥ ಮನೆಗಳ ಹಿತ್ತಲಲ್ಲಿ ಬೊಗಸೆಗೆ ನೀರು ಹೊಯ್ಯಿಸಿಕೊಂಡು ಕುಡಿದವನು. ಪಾಯಸ ಬಡಿಸಿದಾಗ ಅವನ ನೆನಪಾಯಿತು. ಮನೆಗೆ ಹೋಗಿ ಹೆಂಡತಿಗೆ ಯಾರ ಪಕ್ಕ ಕೂತೆ, ಏನೇನು ಬಡಿಸಿದರು ಎಂದು ಎರಡೆರಡು ಸಲ ಹೇಳಿದೆ.

ಮೂರನೇ ದಿನ ಪಾತ್ರೆಗಳು ವಾಪಸ್ಸು ಬಂದವು. ಶಂಕರಪ್ಪನವರ ಹೆಂಡತಿ ಗಿರಿಜಮ್ಮನದು ಒಂದು ಪದ್ಧತಿ. ತೆಗೆದುಕೊಂಡದ್ದಕ್ಕಿಂತ ಚೊಕ್ಕಟವಾಗಿ ಹಿಂತಿರುಗಿಸಬೇಕು. ಹುಣಸೆಹಣ್ಣು, ಬೂದಿ ಹಾಕಿ ಕೊಪ್ಪರಿಗೆಯನ್ನು ಒಳಗೂ ಹೊರಗೂ ತಿಕ್ಕಿಸಿದ್ದರು. ಯಾರೂ ಮುಟ್ಟದ ಹೊರಮಸಿ ಪೂರ್ತಿ ಹೋಗಿ ಹಿತ್ತಾಳೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಕಪಾಟಿಗೆ ಎತ್ತಿಡಲು ಬಗ್ಗಿದೆ. ಅಂಚಿನ ಕೆಳಗೆ ಚುಕ್ಕಿ ಚುಕ್ಕಿ ಕೊರೆದ ಅಕ್ಷರ. ಚೌರಪ್ಪನವರ ಹೆಂಡತಿಯ ಹೆಸರು.

ಎತ್ತಿದ್ದನ್ನು ಅಲ್ಲೇ ಇಳಿಸಿ ಅದರ ಪಕ್ಕದಲ್ಲಿ ಕೂತೆ. ಗೌರಮ್ಮನ ಕಾರ್ಯದ ಪಾಯಸ ಬಾಡು ಬೆಂದ ಕೊಪ್ಪರಿಗೆಯಲ್ಲಿ ಆಗಿತ್ತು. ಜಂಗಮರು ಅದನ್ನೇ ಉಂಡಿದ್ದರು.

ಸಂಜೆ ಪ್ರಾರ್ಥನೆಗೆ ಬಂದ ಚೌರಪ್ಪನವರು ನನ್ನ ಮುಖ ನೋಡಿ ಏನಾಯ್ತೋ ಎಂದರು. ಅಕ್ಷರ ತೋರಿಸಿದೆ. ಅವರು ಮೊದಲು ಹೆಂಡತಿಯ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ವಿಷಯ ಅರ್ಥವಾಗಿ ಹಿಂದೆ ತಿರುಗಿ ಬಾಗಿಲು ನೋಡಿದರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಗಾರ್ಡ್ ಸಾರ್."

"ಹೇಳ್ಬೇಡ. ಕಲಾಯಿ ಆದ್ಮೇಲೆ ಅದ್ರಲ್ಲಿ ಬಾಡು ಬೆಂದಿದ್ಯಾ? ಹಬ್ಬ ಇನ್ನೂ ಬಂದಿಲ್ವಲ್ಲ! ಅಷ್ಟು ಬೆಂಕಿ ಕಂಡಿದೆ, ಹೊಸ ಪಾತ್ರೆ ಲೆಕ್ಕ."

"ಅದು ನಮ್ಮ ಲೆಕ್ಕ ಅಲ್ವಾ ಸಾರ್? ಅವ್ರ ಲೆಕ್ಕ ಏನೋ?"

"ಲೇ, ನೀನು ದೊಡ್ ಹರಿಶ್ಚಂದ್ರ ಆಗ್ಬೇಡ. ಹೇಳಿದ್ರೆ ಈ ಬೀದಿಯೋರು ಯಾರೂ ಮತ್ತೆ ನಮ್ಮ ಗೇಟ್ ದಾಟಲ್ಲ. ಫಾದರ್ ಇಷ್ಟು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ. ನಿನ್ನನ್ನಂತೂ ಹತ್ರಕ್ಕೂ ಸೇರ್ಸಲ್ಲ."

ಚೌರಪ್ಪನವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಬಣ್ಣ ಬದಲಾಯಿಸಿ ಕಪಾಟಿಗೆ ಇಟ್ಟುಬಿಟ್ಟರೆ ಮುಗಿಯಿತು, ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗೌರಮ್ಮ ಬೆರಳೆತ್ತಿ ಹೇಳಿದ್ದು ನನಗೆ. ಶುದ್ಧವೋ ಅಶುದ್ಧವೋ ತೀರ್ಮಾನಿಸುವುದು ಆ ಮನೆಯವರ ಹಕ್ಕು. ಅವರಿಗೆ ತಿಳಿಸದೆ ಅವರ ಪರವಾಗಿ ನಾವೇ ತೀರ್ಮಾನ ಮಾಡಿದರೆ, ಇಷ್ಟು ವರ್ಷ ಸೇವೆ ಎಂದು ಮಾಡಿದ್ದು ನಮ್ಮ ದೊಡ್ಡಸ್ತಿಕೆಗೆ ಮಾಡಿದ ಹಾಗೆ.

ಫಾದರ್ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. ಪುಸ್ತಕದಲ್ಲಿ ಬರೆದಿಡು ಅಂದಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರುತ್ತದೆ ಎಂದು ಕಾದೆ. ಬರಲಿಲ್ಲ.

"ನಾನು ಹೋಗಿ ಹೇಳ್ಲಾ?" ಎಂದರು.

"ಬೇಡ ಫಾದರ್. ಅವ್ರು ತಗೊಂಡಿದ್ದು ನನ್ ಕೈಯಿಂದ."

"ಕೆಲ್ಸ ಹೋಗ್ತದೆ ಅಂತ ಭಯ ಇದ್ರೆ ಬಿಟ್ಬಿಡು. ಅದು ಹೋಗಲ್ಲ."

"ಕೆಲ್ಸದ ಭಯ ಅಲ್ಲ ಫಾದರ್. ಮೊನ್ನೆ ಪಂಕ್ತೀಲಿ ಕೂರ್ಸಿ ಊಟ ಹಾಕಿದ್ರು. ಆ ಜಾಗ ಹೋಗ್ತದಲ್ಲ, ಅದೇ ಸಂಕ್ಟ."

ಫಾದರ್ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಬೆಳಿಗ್ಗೆ ಹೋಗು, ಮಂಡೀಲಿ ಜನ ಸೇರೋಕೆ ಮುಂಚೆ" ಎಂದರು.

ಬೆಳಿಗ್ಗೆ ಹೋದೆ. ಶಂಕರಪ್ಪನವರು ಗಾದಿಯ ಮೇಲೆ ಕೂತು ತಕ್ಕಡಿ ಸರಿ ಮಾಡುತ್ತಿದ್ದರು. ಅವರ ತಮ್ಮ ಮಲ್ಲೇಶಪ್ಪ ಕೊಬ್ಬರಿ ಚೀಲ ಬಿಚ್ಚುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಕಲಾಯಿಯಿಂದ ಹಿಡಿದು ಅಕ್ಷರದವರೆಗೆ. ಮಸಿ ಕೆರೆದು ನೋಡಲಿಲ್ಲ, ಅದು ನನ್ನ ತಪ್ಪು, ಚರ್ಚಿನದಲ್ಲ ಎಂದೆ.

ಶಂಕರಪ್ಪನವರು ತಕ್ಕಡಿಯ ಮೇಲಿಂದ ಕೈ ತೆಗೆದರು. "ನೀನು ಹೇಳ್ದೆ ಇದ್ದಿದ್ರೇ ಚೆನ್ನಾಗಿತ್ತು ತಿಮ್ಮಯ್ಯ."

"ಹೇಳ್ದೆ ಇರಕ್ಕಾಗ್ಲಿಲ್ಲ ಯಜಮಾನ್ರೆ."

ಮಲ್ಲೇಶಪ್ಪ ಚೀಲ ಒಗೆದು ಎದ್ದರು. "ಇಂಥೋರ ಕೈಯಿಂದ ಪಾತ್ರೆ ಇಸ್ಕೊಂಡ್ರೆ ಇನ್ನೇನಾಗ್ತದೆ? ನಾನು ಅವತ್ತೇ ಬಡ್ಕೊಂಡೆ! ನಡಿಯೋ ಆಚೆ!"

ಇಂಥೋರು ಎಂದರೆ ಚರ್ಚಿನವರು ಅಲ್ಲ ಎಂದು ನನಗೆ ಗೊತ್ತಾಯಿತು. ಅವರ ಅಣ್ಣನಿಗೂ ಗೊತ್ತಾಯಿತು. ಶಂಕರಪ್ಪನವರ ಕಡೆ ನೋಡಿದೆ. ಅವರು ತಕ್ಕಡಿಯ ಮುಳ್ಳನ್ನೇ ನೋಡುತ್ತಾ ಕೂತಿದ್ದರು. ಮೆಟ್ಟಿಲಿಳಿದು ಬಂದೆ. ಬೀದಿ ದಾಟುವುದಕ್ಕೆ ಹತ್ತು ಹೆಜ್ಜೆ ಸಾಕು, ಅವತ್ತು ಅದು ಯಗಟಿಯಷ್ಟು ದೂರವಿತ್ತು.

ಚೌರಪ್ಪನವರು ಹೇಳಿದ ಹಾಗೆಯೇ ಆಯಿತು. ಬಾಡು ಮುಟ್ಟದ ಮನೆಯವರು ಯಾರೂ ಪಾತ್ರೆ ಕೇಳಲು ಬರಲಿಲ್ಲ. ಪುನಃ ಕಡೂರಿನಿಂದ ಆಟೋದಲ್ಲಿ ಕೊಪ್ಪರಿಗೆಗಳು ಬಂದಿಳಿಯುವುದನ್ನು ಗೇಟಿನ ಒಳಗಿನಿಂದ ನೋಡುತ್ತಿದ್ದೆ. ಸಭೆಯ ಕೆಲವರು ಇನ್ನು ಬೀದಿಯ ಸಹವಾಸ ಸಾಕು, ಪಾತ್ರೆ ನಮ್ಮವರಿಗೇ ಇರಲಿ ಎಂದರು. ಫಾದರ್ ಒಪ್ಪಲಿಲ್ಲ.

"ಅವ್ರು ಬರೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ಇವು ಬೀದಿಗೆ ಅಂತ ಇಟ್ಟಿರೋ ಪಾತ್ರೆ. ಕಾಯ್ಲಿ" ಎಂದರು.

ಎಲ್ಲರಿಗೂ ಆಶ್ಚರ್ಯವಾಗುವಂತೆ ಚೌರಪ್ಪನವರೂ ಫಾದರ್ ಪಕ್ಷಕ್ಕೆ ಬಂದರು. "ಹೇಳ್ಬಾರ್ದು ಅಂದಿದ್ದೆ, ಈ ಮುಂಡೇದು ಹೇಳ್ಬಿಟ್ಟ. ಹೇಳಿದ್ಮೇಲೆ ನಾವು ಬಾಗ್ಲು ಹಾಕ್ಕೊಂಡ್ರೆ ಕೋಪ ಮಾಡ್ಕೊಂಡಂಗೆ ಆಗ್ತದೆ. ತಪ್ಪು ನಮ್ದು ಕಣ್ರೀ" ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು.

ನಾನು ನೋಟ್ ಪುಸ್ತಕ ತಂದೆ. ಪಾತ್ರೆ ಅಂಗಡಿಯವನನ್ನು ಕರೆಸಿ ಪ್ರತಿ ಪಾತ್ರೆಗೂ ಬೆಂಕಿಗೆ ಹೋಗದ ಹಾಗೆ ನಂಬರ್ ಹೊಡೆಸಿದೆ. ಯಾವ ನಂಬರಿನಲ್ಲಿ ಏನು ಬೇಯುತ್ತದೆ ಎಂದು ನನ್ನ ಸೊಟ್ಟ ಅಕ್ಷರದಲ್ಲೇ ಬರೆದಿಟ್ಟೆ. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಹೇಳುವುದು ಇಷ್ಟೇ: ತಲೆ ನಂಬಬೇಡಿ, ಬರೆದಿಡಿ. ಈ ಮಾತು ಕಲಿಯಲು ನನಗೆ ಅಷ್ಟು ದೊಡ್ಡ ಪೆಟ್ಟು ಬೀಳಬೇಕಾಯಿತು.

ಚರಂಡಿ ಕೆಲಸ ಬಿಡಲಿಲ್ಲ. ಮಂಡಿಯ ಮುಂದೆಯೂ ಎಂದಿನಂತೆ ಸಲಿಕೆ ಹಿಡಿದು ಎಲೆ ತೆಗೆಯುತ್ತಿದ್ದೆ. ಮಲ್ಲೇಶಪ್ಪ ಬೆನ್ನು ತಿರುಗಿಸಿ ಕೂರುತ್ತಿದ್ದರು. ಶಂಕರಪ್ಪನವರು ನನ್ನನ್ನು ಕಂಡರೆ ಒಳಗೆ ಎದ್ದುಹೋಗುತ್ತಿದ್ದರು. ಕೆಲವು ದಿನ ಸಲಿಕೆ ಬಿಸಾಡಿ ಊರಿಗೆ ಹೋಗಿಬಿಡೋಣ ಎನ್ನಿಸುತ್ತಿತ್ತು. ಆದರೆ ಮುನಿಸಿಕೊಂಡು ಕೆಲಸ ಬಿಟ್ಟವನು ಎಂದು ಯಾರೂ ನನ್ನನ್ನು ಅನ್ನಬಾರದು ಎಂಬ ಹಟವೂ ಇತ್ತು.

ಹೀಗೆ ವರ್ಷ ತಿರುಗಿತು. ಒಂದು ಮಧ್ಯಾಹ್ನ ಬೆಂಚು ಒರೆಸುತ್ತಿದ್ದಾಗ ಹಾಲ್ ಬಾಗಿಲಲ್ಲಿ ಯಾರೋ ಕೆಮ್ಮಿದರು. ಶಂಕರಪ್ಪನವರು.

"ನಾಳಿದ್ದು ಅವ್ವನ ವರ್ಷದ ಕಾರ್ಯ. ಕೊಪ್ಪರಿಗೆ ಬೇಕಿತ್ತು."

ಪುಸ್ತಕ ತೆಗೆದು ನಂಬರ್ ತೋರಿಸಹೋದೆ. ಅವರು ಕೈಯಿಂದ ಪುಸ್ತಕ ಮುಚ್ಚಿಸಿದರು.

"ಪಾತ್ರೆ ವಿಚಾರ ಮಠದಲ್ಲಿ ಆ ವಾರಾನೇ ಕೇ‌ಳ್ಕೊಂಡ್ ಬಂದೆ. ಗೊತ್ತಿಲ್ದೆ ಆಗಿದ್ದು, ಬೆಂಕಿ ಕಂಡ ಪಾತ್ರೆ, ದೋಷ ಇಲ್ಲ ಅಂದ್ರು. ನಾನು ಬರ್ದೆ ಇದ್ದಿದ್ದು ಅದಕ್ಕಲ್ಲ."

"ಮತ್ತೆ?"

ಅವರು ಬೆಂಚಿನ ತುದಿಯಲ್ಲಿ ಕೂತರು. "ಮಲ್ಲೇಶಿ ಆ ಮಾತಂದಾಗ ನಾನು ಸುಮ್ನೆ ಕೂತಿದ್ದೆ. ಮೂರು ದಿನದ ಹಿಂದೆ ತೋಳು ಹಿಡ್ದು ಪಂಕ್ತೀಲಿ ಕೂರ್ಸಿದೋನು, ಬಾಯ್ ಬಿಡ್ಲಿಲ್ಲ. ನಿನ್ ಮುಖ ಹೆಂಗೆ ನೋಡ್ಲಿ ತಿಮ್ಮಯ್ಯ?"

ಒಂದು ವರ್ಷ ನಾನು ನನ್ನ ತಪ್ಪಿಗೆ ಅವರು ದೂರವಾದರು ಎಂದುಕೊಂಡಿದ್ದೆ. ಅವರು ತಮ್ಮದಕ್ಕೆ ದೂರ ನಿಂತಿದ್ದರು. "ತಳ್ಳುಗಾಡಿ ತರ್ತೀನಿ, ಕೂತಿರಿ ಯಜಮಾನ್ರೆ" ಎಂದೆ.

"ಗಾಡಿ ಯಾಕೆ? ಹಿಡಿ ಅತ್ಲಾಗೆ."

ಕೊಪ್ಪರಿಗೆಯ ಒಂದು ಹಿಡಿಕೆ ಅವರು ಹಿಡಿದರು, ಇನ್ನೊಂದು ನಾನು. ನಡುಬೀದಿಯಲ್ಲಿ ಹೋಗುವಾಗ ಟೈಲರ್ ಮಿಷನ್ ನಿಲ್ಲಿಸಿ ನೋಡಿದ. ಮಂಡಿಯ ಹಮಾಲಿಗಳು ಓಡಿಬಂದು, "ಬಿಡಿ ಯಜಮಾನ್ರೆ, ನಾವ್ ತಗೊಂತೀವಿ" ಎಂದರು. "ನೀವ್ ಸರೀರಿ" ಎಂದರು ಶಂಕರಪ್ಪನವರು. ಗಾದಿಯ ಮೇಲಿದ್ದ ಮಲ್ಲೇಶಪ್ಪ ಎದ್ದು ಒಳಗೆ ಹೋದರು. ಅವರು ಇವತ್ತಿಗೂ ನನ್ನ ಜೊತೆ ಮಾತಾಡಿಲ್ಲ, ಅದನ್ನೂ ಬರೆದಿಡಬೇಕು.

ಪಾತ್ರೆ ತಂದಾಗಲೆಲ್ಲ ನಾನು ಹಿತ್ತಲ ಕಟ್ಟೆಯ ಮೇಲೆ ಇಳಿಸಿ ಬರುತ್ತಿದ್ದೆ. ಅಭ್ಯಾಸಬಲದಿಂದ ಆ ಕಡೆಗೆ ತಿರುಗಿದೆ. ಶಂಕರಪ್ಪನವರು ತಿರುಗಲಿಲ್ಲ, ಕೊಪ್ಪರಿಗೆ ನಮ್ಮಿಬ್ಬರ ನಡುವೆ ಜಗ್ಗಿ ನಿಂತಿತು.

"ಎಲ್ಲಿ ಇಳ್ಸೋಣ?" ಎಂದೆ.

"ಒಳ್ಗೆ. ಒಲೆ ಮೇಲೆ."

ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ಕ್ಷಣ ಕಾಲು ತಡೆಯಿತು. ಒಳಗಿದ್ದ ಗಿರಿಜಮ್ಮ ಸೆರಗು ಸಿಕ್ಕಿಸಿ, ಒಲೆಯ ಮುಂದಿನ ಸೌದೆ ಬದಿಗೆ ಸರಿಸಿದರು. "ಭಾರ ಹೊತ್ಕೊಂಡು ಅಲ್ಲೇ ಯಾಕ್ ನಿಂತ್ಕೊಂಡೆ ತಿಮ್ಮಯ್ಯ, ಬಾ" ಎಂದರು. ದಾಟಿದೆ.

ಕೊಪ್ಪರಿಗೆ ಒಲೆಯ ಮೇಲೆ ಒಂದು ಕಡೆಗೆ ವಾಲುತ್ತಿತ್ತು. ಬಗ್ಗಿ ಹೆಂಚಿನ ಚೂರೊಂದನ್ನು ಅದರ ತಳಕ್ಕೆ ಒತ್ತಿಟ್ಟು, ಅಲುಗಿಸಿ ನೋಡಿದೆ.

"ಕೂತ್ಕೊಂತಾ?" ಎಂದರು ಶಂಕರಪ್ಪನವರು.

"ಕೂತ್ಕೊಂತು" ಎಂದೆ.